ಬಚ್ಚಲ ಒಲೆಗೆ ತೊಟ್ಟೆ ಹಾಕೋದು ನಿಲ್ಲಿಸಿದ ಮೇಲೆ

ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕಸ ಅನ್ನೋದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಾಲಿನ ಕವರು, ಬಿಸ್ಕತ್ತಿನ ಕವರು, ಮೀನು ತಂದ ಕರಿ ತೊಟ್ಟೆ (ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಕಡೆ ಹಾಗನ್ನುತ್ತೇವೆ), ಶಾಂಪೂ ಪ್ಯಾಕೆಟ್ಟು, ಎಲ್ಲ ನೇರ ಬಚ್ಚಲ ಒಲೆಗೆ. ಕೊಡಗಿನ ಮೂರ್ನಾಡಿನಿಂದ ಒಳಗೆ, ಟಾರು ರಸ್ತೆ ಬಿಟ್ಟು ತೋಟದ ದಾರಿಯಲ್ಲಿ ಇಳಿದು ಬಂದರೆ ನಮ್ಮ ಮನೆ. ಕಸದ ಗಾಡಿ ಅಲ್ಲಿಗೆ ಬರೋದಿಲ್ಲ. ಮಳೆಗಾಲದಲ್ಲಂತೂ ಸೌದೆಯನ್ನು ಎಷ್ಟು ಜೋಪಾನ ಮಾಡಿದರೂ ತಂಡಿ ಹಿಡಿದಿರುತ್ತದೆ. ಊದಿ ಊದಿ ಕಣ್ಣು ಕೆಂಪಾದರೂ ಹೊಗೆ ಬಿಟ್ಟರೆ ಬೆಂಕಿ ಇಲ್ಲ. ಆಗ ಒಂದು ತೊಟ್ಟೆ ಹಚ್ಚಿ ಒಳಗಿಟ್ಟರೆ ಕೆಲಸ ಮುಗಿಯಿತು. ಹಂಡೆಯಲ್ಲಿ ನೀರು ಕಾಯಿಸುವ ಮನೆಗಳಲ್ಲಿ ಇದೇನೂ ಹೊಸದಲ್ಲ. ಮಕ್ಕಳಿಗೂ ಗೊತ್ತು, ಕಸ ಅಂದರೆ ಒಲೆ ಬಾಯಿಗೆ ಎಸೆಯುವುದು.

ಅದು ನಿಂತದ್ದು ಬೂದಿಯ ದೆಸೆಯಿಂದ. ನಮ್ಮ ಅತ್ತೆಗೆ ಬಚ್ಚಲ ಒಲೆಯ ಬೂದಿ ಇಲ್ಲದೆ ಆಗುವುದಿಲ್ಲ. ತಳ ಹಿಡಿದ ಪಾತ್ರೆ ಉಜ್ಜಲು ಅದೇ, ಬಸಳೆ ಬುಡಕ್ಕೆ ಅದೇ, ಅಲಸಂಡೆ ಬೀಜ ಎತ್ತಿಡಲೂ ಅದೇ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಬೂದಿ ಜರಡಿ ಹಿಡಿಯುತ್ತಿದ್ದವರು ನನ್ನನ್ನು ಕರೆದರು. ಜರಡಿಯಲ್ಲಿ ಇದ್ದಿಲ ಚೂರಿನ ಜೊತೆ ಕರಿ ಗಟ್ಟಿಗಳು ಉಳಿದಿದ್ದವು. ಕರಗಿ, ಮತ್ತೆ ಗಟ್ಟಿಯಾಗಿ, ಒಂದು ಕಡೆ ಮಿರಮಿರ ಹೊಳೆಯುತ್ತಿದ್ದವು. ಒಂದರಲ್ಲಿ ಬಿಸ್ಕತ್ತು ಕವರಿನ ಬೆಳ್ಳಿ ಬಣ್ಣದ ಪದರ ಹಾಗೆಯೇ ಸಿಕ್ಕಿಕೊಂಡಿತ್ತು. ಇನ್ನೊಂದಕ್ಕೆ ಬೂದಿಯಲ್ಲಿದ್ದ ಮೊಳೆ ಅಂಟಿತ್ತು. ಅತ್ತೆ ಒಂದನ್ನು ಉಗುರಿನಿಂದ ಕೆರೆದು ನೋಡಿದರು.

"ಇದನ್ನ ಹಾಕಿ ನಾನು ಅನ್ನದ ಪಾತ್ರೆ ಉಜ್ಜೋದಾ?" ಅಂದರು. ನನ್ನನ್ನು ಕೇಳಿದ್ದೋ, ಬೈದದ್ದೋ ಗೊತ್ತಾಗಲಿಲ್ಲ. ತೊಟ್ಟೆ ಹಾಕಿ ಬೆಂಕಿ ಹತ್ತಿಸುವುದನ್ನು ನನಗೆ ಹೇಳಿಕೊಟ್ಟವರೇ ಅವರು. ಆದರೆ ಆ ಹೊತ್ತಿನಲ್ಲಿ ಅದನ್ನು ನೆನಪಿಸುವ ಧೈರ್ಯ ಯಾವ ಸೊಸೆಗಿರುತ್ತದೆ!

ಬಚ್ಚಲ ಒಲೆಯಲ್ಲಿ ಪ್ಲಾಸ್ಟಿಕ್ ಪೂರ್ತಿ ಸುಡುವುದಿಲ್ಲ. ಅಷ್ಟು ಕಾವು ಆ ಒಲೆಗಿಲ್ಲ. ಅರ್ಧ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ಹೀಗೆ ಗಟ್ಟಿ ಕಟ್ಟುತ್ತದೆ. ಅದರಲ್ಲೂ ಪಿವಿಸಿ, ಅಂದರೆ ಪೈಪಿನ ತುಂಡು, ಹಳೇ ರೆಕ್ಸಿನ್, ವೈರಿನ ಸಿಪ್ಪೆ, ಇಂಥದ್ದು ಸುಟ್ಟರೆ ಡೈಆಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹೊಗೆಯಲ್ಲೂ ಇರುತ್ತದೆ, ಬೂದಿಯಲ್ಲೂ ಇರುತ್ತದೆ. ನಮ್ಮಲ್ಲಿ ಬೂದಿ ಹೊರಗೆ ಹೋಗುವ ವಸ್ತುವೇ ಅಲ್ಲವಲ್ಲ. ಒಲೆಯಿಂದ ಬಸಳೆಗೆ, ಬಸಳೆಯಿಂದ ಸಾರಿಗೆ. ಘನತ್ಯಾಜ್ಯ ನಿಯಮದ ಪ್ರಕಾರ ಕಸ ಸುಡುವಂತಿಲ್ಲ ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಆದರೆ ನಿಯಮದಿಂದ ಆಗದ ಕೆಲಸ ಆ ಜರಡಿಯಿಂದ ಆಯಿತು. ಅವತ್ತೇ ಅತ್ತೆ ಹುಕುಂ ಹೊರಡಿಸಿದರು, ಒಲೆಗೆ ಇನ್ನು ಪ್ಲಾಸ್ಟಿಕ್ ಇಲ್ಲ.

ಬೆಂಕಿ ಹತ್ತಿಸಲು ಏನು ಮಾಡುವುದು ಅನ್ನುವುದಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ಒಣ ಅಡಿಕೆ ಸಿಪ್ಪೆ, ತೆಂಗಿನ ನಾರು, ಗರಟೆ. ಬೇಸಿಗೆಯಲ್ಲಿ ಚೀಲಗಟ್ಟಲೆ ತುಂಬಿ ಅಟ್ಟಕ್ಕೆ ಏರಿಸಿಟ್ಟರೆ ಮಳೆಗಾಲ ಕಳೆಯುತ್ತದೆ. ತೊಟ್ಟೆ ಬರುವುದಕ್ಕೆ ಮೊದಲು ಈ ಮನೆಯಲ್ಲಿ ಮಾಡುತ್ತಿದ್ದದ್ದೂ ಇದೇ ಅಂತೆ.

ಕಷ್ಟ ಇದ್ದದ್ದು ಇನ್ನೊಂದು ಕಡೆ. ಸುಡದ ಪ್ಲಾಸ್ಟಿಕ್ ಎಲ್ಲಿಗೆ ಹೋಗಬೇಕು?

ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಟಾರು ರಸ್ತೆಯವರೆಗೆ ಬರುತ್ತದೆ. ಅದನ್ನು ಓಡಿಸುವವಳು ಒಬ್ಬ ಹೆಂಗಸು. ನಮ್ಮ ಕಡೆ ಈ ಗಾಡಿಗಳಿಗೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನೇ ತರಬೇತಿ ಕೊಟ್ಟು ಹಾಕಿದ್ದಾರೆ. ನಾನು ಮೊದಲ ಸಲ ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಹೋದಾಗ ಅವಳು ಬಾಯಿ ಬಿಚ್ಚಿಸಿ ನೋಡಿದಳು. "ಅಕ್ಕ, ಒಣಗಿದ್ದು ಮಾತ್ರ ಕೊಡಿ. ಹಾಲಿನ ಕವರು ತೊಳೀದೆ ಹಾಕಿದ್ರೆ ಎಲ್ಲಾ ನಾರುತ್ತೆ. ಗಾಡಿ ಹೋದ ಕಡೆ ಕಸ ಬೇರೆ ಬೇರೆ ಮಾಡೋರು ನಮ್ಮಂಥ ಹೆಂಗಸರೇ" ಅಂದಳು. ಬೇಸಿಗೆ ಕಾಲ. ಒಪ್ಪಿಕೊಂಡೆ. ತೊಳೆದು ಬಟ್ಟೆ ತಂತಿಗೆ ಕ್ಲಿಪ್ ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಇದೇನು ಮಹಾ ಅನಿಸಿತು.

ಆಮೇಲೆ ಜೂನ್ ಬಂತು.

ಬಯಲುಸೀಮೆಯವರಿಗೆ ಇದನ್ನು ಹೇಗೆ ಹೇಳಲಿ? ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಒಳ ಉಡುಪು ಒಣಗಿಸುವುದೇ ಒಂದು ಸಾಹಸ. ಒಲೆ ಮೇಲಿನ ಬಿದಿರಿನ ಗಳುವಿನಲ್ಲಿ ಯಾರ ಬಟ್ಟೆಗೆ ಎಷ್ಟು ಜಾಗ ಅಂತ ಜಗಳ ಆಗುತ್ತದೆ. ಅಂಥದ್ದರಲ್ಲಿ ನಾನು ಹಾಲಿನ ಕವರು ಒಣಗಲು ಹಾಕಬೇಕು! ಕವರಿನ ಒಳಗಿನ ಎರಡು ಪದರ ಒಂದಕ್ಕೊಂದು ಅಂಟಿಕೊಂಡರೆ ದಿನಗಟ್ಟಲೆ ನೀರು ಹಾಗೆಯೇ ಇರುತ್ತದೆ. ಬಿಡಿಸಿ ನೋಡಿದರೆ ಒಳಗೆ ಬೂಷ್ಟು. ಒಲೆಗೆ ಹತ್ತಿರ ಹಾಕಿದರೆ ಮುದುಡುತ್ತದೆ, ದೂರ ಹಾಕಿದರೆ ನಾರುತ್ತದೆ. ಮಸಾಲೆ ಪ್ಯಾಕೆಟ್ಟಿನ ಮೂಲೆಯಲ್ಲಿ ಉಳಿದ ಪುಡಿ ನೀರು ಹೀರಿ ಮುದ್ದೆಯಾಗಿ ಕೂರುತ್ತದೆ. ಮೀನಿನ ತೊಟ್ಟೆಯ ವಿಷಯ ಹೇಳುವುದೇ ಬೇಡ. ಸೋಪು ಹಾಕಿ ತೊಳೆದರೂ ಬೆಕ್ಕು ಅದರ ಕೆಳಗೇ ಕೂತಿರುತ್ತಿತ್ತು.

ಇಲ್ಲಿಂದ ನಮ್ಮ ಮನೆಯ ಲೆಕ್ಕ ಬದಲಾಯಿತು. ಪರಿಸರದ ಕಾಳಜಿ ಅಂತ ನಾನು ದೊಡ್ಡ ಮಾತು ಆಡುವುದಿಲ್ಲ. ಅಂಗಡಿಯಲ್ಲಿ ಏನಾದರೂ ಕೈಗೆತ್ತಿಕೊಂಡರೆ ಮೊದಲು ಬರುತ್ತಿದ್ದ ಯೋಚನೆ ಒಂದೇ: ಇದರ ಕವರನ್ನು ನಾನು ಒಣಗಿಸಬೇಕಲ್ಲ! ಆ ಸೋಮಾರಿತನವೇ ಎಷ್ಟೋ ಪ್ಯಾಕೆಟ್ಟನ್ನು ಮನೆಗೆ ಬರದಂತೆ ಮಾಡಿತು. ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಸಲಹೆಯೂ ಇದೇ. ಒಂದು ಮಳೆಗಾಲ ಪೂರ್ತಿ ನಿಮ್ಮ ಮನೆಯ ಕವರನ್ನೆಲ್ಲ ನೀವೇ ತೊಳೆದು ಒಣಗಿಸಿ. ಕೆಲಸದವರ ಕೈಲಿ ಮಾಡಿಸಬೇಡಿ.

ಮಳೆ ಸ್ವಲ್ಪ ಹೊಳವಾದ ಒಂದು ದಿನ ಚೀಲವನ್ನು ಕಾಫಿ ಕಣದಲ್ಲಿ ಸುರಿದು ಬೇರೆ ಬೇರೆ ಗುಡ್ಡೆ ಮಾಡಿದೆವು. ಮಗನಿಗೆ ರಜೆ, ಅವನೂ ಕೂತ. ನಾನು ಅಂದುಕೊಂಡಿದ್ದು ಸಂತೆಯ ತೊಟ್ಟೆಗಳೇ ಜಾಸ್ತಿ ಇರುತ್ತವೆ ಅಂತ. ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಗುಡ್ಡೆ ಹಾಲಿನ ಕವರಿನದು. ಆಮೇಲೆ ಚಿಪ್ಸ್, ಬಿಸ್ಕತ್ತು, ಮಿಕ್ಸ್‌ಚರ್ ಕವರು. ಆಮೇಲೆ ಮಸಾಲೆ ಪುಡಿ, ಶಾಂಪೂ, ಕಾಫಿಪುಡಿಯ ಸಣ್ಣ ಸಣ್ಣ ಪ್ಯಾಕೆಟ್ಟು. ಹೌದು, ಕಾಫಿಪುಡಿಯದ್ದೂ! ಕಾಫಿ ಬೆಳೆಯುವ ಮನೆಯಲ್ಲಿ ಅಂಗಡಿ ಕಾಫಿಪುಡಿಯ ಪ್ಯಾಕೆಟ್ಟು ಇಷ್ಟೊಂದು ನೋಡಿ ನಮ್ಮವರು ಮುಖ ಆ ಕಡೆ ತಿರುಗಿಸಿದರು. ಮಾರಿದ ಮೇಲೆ ಮನೆಗೆ ಅಂತ ಎತ್ತಿಟ್ಟ ಬೀಜವನ್ನು ಹುರಿಸಿ ಪುಡಿ ಮಾಡಿಸಿಕೊಂಡು ಬರುವುದು ಅವರ ಕೆಲಸ. ಅದನ್ನು ಮುಂದೂಡುತ್ತಲೇ ಇದ್ದರು.

ಸರ್ಕಾರದ ನಿಷೇಧಕ್ಕೂ ನಮ್ಮ ಗುಡ್ಡೆಗಳಿಗೂ ಸಂಬಂಧವೇ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಎಲ್ಲ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಸ್ಟ್ರಾ, ಪ್ಲಾಸ್ಟಿಕ್ ಲೋಟ, ಚಮಚ, ಅಲಂಕಾರದ ಥರ್ಮಕೋಲ್ ಇಂಥವನ್ನು ನಿಷೇಧಿಸಿದರು. ಒಳ್ಳೆಯದೇ. ಆದರೆ ಹಾಲು, ಚಿಪ್ಸ್, ಶಾಂಪೂ ಬರುವ ಪ್ಯಾಕೆಟ್ಟು ಆ ಪಟ್ಟಿಯಲ್ಲಿ ಇಲ್ಲ. ಮನೆ ಕಸದಲ್ಲಿ ತುಂಬಿಕೊಳ್ಳುವುದು ಅವೇ. ಅಂಗಡಿಯವನನ್ನು ಬೈದು ಉಪಯೋಗ ಇಲ್ಲ, ಪೊಲೀಸರನ್ನು ಕರೆದೂ ಉಪಯೋಗ ಇಲ್ಲ. ತರುವ ನಾವೇ ಏನಾದರೂ ಮಾಡಬೇಕು.

ಗುಡ್ಡೆಗಳಲ್ಲೂ ಒಂದೊಂದರ ಹಣೆಬರಹ ಒಂದೊಂದು. ನೀರಿನ ಬಾಟಲಿ, ಎಣ್ಣೆ ಕ್ಯಾನು, ಒಡೆದ ಬಕೆಟ್ಟು ಗುಜರಿಯವನಿಗೆ ಬೇಕು. ಅಡಿಯಲ್ಲಿ ತ್ರಿಕೋನದೊಳಗೆ 1 ಅಂತ ಇದ್ದರೆ ನೀರಿನ ಬಾಟಲಿಯ ಪೆಟ್, 2 ಇದ್ದರೆ ಕ್ಯಾನಿನ ಗಟ್ಟಿ ಪ್ಲಾಸ್ಟಿಕ್. ಹಾಲಿನ ಕವರೂ ಚೊಕ್ಕ ಇದ್ದರೆ ಮರುಬಳಕೆಗೆ ಹೋಗುತ್ತದೆ. ಚಿಪ್ಸ್ ಕವರು ಯಾರಿಗೂ ಬೇಡ. ಪ್ಲಾಸ್ಟಿಕ್ ಮೇಲೆ ಲೋಹದ ತೆಳು ಪದರ, ಮೇಲೆ ಮತ್ತೆ ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ಬಿಡಿಸಲು ಬರುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಗಾಡಿಯವಳು ಇನ್ನೊಂದು ವಿಷಯ ಹೇಳಿಕೊಟ್ಟಳು. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬಾರದು. ಆ ಉಗುರಿನಷ್ಟು ಚೂರು ಯಾರ ಕೈಗೂ ಸಿಗುವುದಿಲ್ಲ, ಸಿಂಕಿನ ನೀರಿನ ಜೊತೆ ತೋಡಿಗೆ ಹೋಗುತ್ತದೆ. ನಮ್ಮ ತೋಡಿನ ನೀರು ಕೊನೆಗೆ ಸೇರುವುದು ಕಾವೇರಿಗೆ. ಸ್ವಲ್ಪ ಸೀಳಿ, ಚೂರು ಕವರಿಗೇ ಅಂಟಿಕೊಂಡಿರುವ ಹಾಗೆ ಬಿಟ್ಟು ಹಾಲು ಸುರಿಯಬೇಕು. ಈಗ ಕೈಗೆ ಅದೇ ರೂಢಿಯಾಗಿದೆ.

ದೊಡ್ಡ ಗುಡ್ಡೆಯಿಂದಲೇ ಶುರು ಮಾಡಿದೆವು. ಪಕ್ಕದ ಮನೆಯವರು ಎರಡು ಹಸು ಕಟ್ಟಿದ್ದಾರೆ. ಅವರಿಂದ ಹಾಲು ತರುತ್ತೇವೆ, ಹಿಡಿ ಇರುವ ಸ್ಟೀಲಿನ ತೂಕುಪಾತ್ರೆಯಲ್ಲಿ. ಹಸು ಬತ್ತಿದಾಗ ಮಾತ್ರ ಪ್ಯಾಕೆಟ್ಟು. ಬೆಳಿಗ್ಗೆ ಮಳೆಯಲ್ಲಿ ಕೊಡೆ ಹಿಡಿದು ಜಿಗಣೆ ಕೊಡವಿಕೊಂಡು ಹೋಗಿ ತರಬೇಕು. ಬೇಡ ಅನಿಸುವ ದಿನಗಳೂ ಇವೆ. ಸುಳ್ಳು ಯಾಕೆ ಹೇಳಲಿ? ಆದರೆ ಹಾಲು ಗಟ್ಟಿ, ಅತ್ತೆ ಮೊಸರು ಕಡೆದು ಬೆಣ್ಣೆ ತೆಗೆಯುತ್ತಾರೆ. ಹಾಗಾಗಿ ಆ ವ್ಯವಸ್ಥೆ ಉಳಿಯಿತು.

ಮೀನಿನದ್ದು ಸ್ವಾರಸ್ಯ. ನಮ್ಮ ದಾರಿಗೆ ಮೀನಿನ ಕಾಕ ಸ್ಕೂಟರಿನಲ್ಲಿ ಹಾರನ್ ಹೊಡೆಯುತ್ತಾ ಬರುತ್ತಾರೆ. ಮತ್ತಿಯೋ ಬಂಗುಡೆಯೋ ತೂಗಿ, ನೀರು ಸೋರಬಾರದು ಅಂತ ಒಂದರೊಳಗೆ ಒಂದು ಎರಡು ತೊಟ್ಟೆ ಹಾಕಿ ಕೊಡುತ್ತಿದ್ದರು. ನಾನು ಮುಚ್ಚಳದ ಸ್ಟೀಲ್ ಡಬ್ಬಿ ಹಿಡಿದು ನಿಂತೆ. ಕಾಕನಿಗೆ ಅನುಮಾನ.

"ಡಬ್ಬಿ ತೂಕ ಸೇರುತ್ತಲ್ಲಾ ಅಕ್ಕ?"

"ಖಾಲಿ ಡಬ್ಬಿ ಮೊದಲು ಇಟ್ಟು ಸೊನ್ನೆ ಮಾಡಿ ಕಾಕ."

ಅವರ ತಕ್ಕಡಿ ಡಿಜಿಟಲ್. ಅದರಲ್ಲಿ ಡಬ್ಬಿ ತೂಕ ಕಳೆಯುವ ಬಟನ್ ಇರುವುದು ಅವರಿಗೆ ಗೊತ್ತಿತ್ತು, ಒತ್ತುವ ಸಂದರ್ಭ ಬಂದಿರಲಿಲ್ಲ ಅಷ್ಟೇ. ಒತ್ತಿದರು, ಸೊನ್ನೆ ಬಂತು, ಮೀನು ಹಾಕಿದರು. ಭಾನುವಾರದ ಹಂದಿ ಮಾಂಸಕ್ಕೂ ಅದೇ ಡಬ್ಬಿ. ಅಲ್ಲಿ ಮಾತ್ರ ಕ್ಯೂನಲ್ಲಿ ಹಿಂದೆ ನಿಂತವರು "ಬೇಗ ಬೇಗ" ಅಂತಾರೆ. ಡಬ್ಬಿ ತೂಗಲು ಹಿಡಿಯುವ ಆ ಕ್ಷಣವನ್ನೂ ಸಹಿಸದವರು ಆಮೇಲೆ ಅಂಗಡಿ ಮುಂದೆ ಅರ್ಧ ಗಂಟೆ ಹರಟುತ್ತಾರೆ!

ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗುವಾಗ ಎರಡು ಬಟ್ಟೆ ಚೀಲ, ಒಳಗೆ ಹಳೇ ಪಂಚೆಯಲ್ಲಿ ಹೊಲಿದ ನಾಲ್ಕೈದು ಸಣ್ಣ ಚೀಲ. ಹಸಿಮೆಣಸು, ಬೀನ್ಸು, ಕೊತ್ತಂಬರಿ ಬೇರೆ ಬೇರೆ ಹಾಕಿಕೊಳ್ಳಲು. ಈ ಸಣ್ಣ ಚೀಲ ಇಲ್ಲದಿದ್ದರೆ ದೊಡ್ಡ ಚೀಲ ಇದ್ದೂ ಇಲ್ಲದಂತೆ. ಅಂಗಡಿಯವರು ಒಂದೊಂದು ತರಕಾರಿಯನ್ನೂ ಒಂದೊಂದು ತೊಟ್ಟೆಗೆ ಹಾಕಿಯೇ ನಮ್ಮ ಬಟ್ಟೆ ಚೀಲಕ್ಕೆ ಇಳಿಸುತ್ತಾರೆ. 2022ರ ಕೊನೆಯಿಂದ ದೇಶದ ನಿಯಮದ ಪ್ರಕಾರವೂ 120 ಮೈಕ್ರಾನಿಗಿಂತ ತೆಳುವಾದ ಕೈಚೀಲ ಕೊಡುವಂತಿಲ್ಲ. ಆದರೆ ಸಂತೆಯಲ್ಲಿ ಸಿಗುವ ತೊಟ್ಟೆ ಕೊತ್ತಂಬರಿ ಕಡ್ಡಿ ಚುಚ್ಚಿದರೂ ಹರಿಯುತ್ತದೆ.

ಕಾಗದದ ಪೊಟ್ಟಣದ ಬಗ್ಗೆ ಒಂದು ಮಾತು. ಪೇಟೆಯವರು ಪ್ಲಾಸ್ಟಿಕ್ ಬದಲು ಕಾಗದ ಬಳಸಿ ಅಂತ ಸುಲಭವಾಗಿ ಹೇಳುತ್ತಾರೆ. ಕೊಡಗಿನ ಜುಲೈನಲ್ಲಿ ಬೆಲ್ಲವನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬನ್ನಿ ನೋಡೋಣ. ಮನೆ ಮುಟ್ಟುವಷ್ಟರಲ್ಲಿ ಬೆಲ್ಲ ಯಾವುದು, ಕಾಗದ ಯಾವುದು ಗೊತ್ತಾಗುವುದಿಲ್ಲ. ಉಪ್ಪು, ಸಕ್ಕರೆ, ಅವಲಕ್ಕಿ, ಹಪ್ಪಳ ಎಲ್ಲಕ್ಕೂ ಇಲ್ಲಿ ಗಾಳಿ ಆಡದ ಡಬ್ಬಿಯೇ ಬೇಕು. ಹಾಗಾಗಿ ಮನೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನು ನಾನು ಬಿಸಾಡಲಿಲ್ಲ. ಒಡೆಯುವವರೆಗೆ ಅವೇ ಇರಲಿ. ಒಡೆದದ್ದರ ಜಾಗಕ್ಕೆ ಸ್ಟೀಲಿನದು ತಂದರಾಯಿತು. ಇರುವ ಒಳ್ಳೆ ಪ್ಲಾಸ್ಟಿಕ್ ಎಸೆದು ಗಾಜಿನ ಜಾಡಿ ಸಾಲಾಗಿ ಜೋಡಿಸಿ ಫೋಟೋ ಹಾಕುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಅಂಥ ಫೋಟೋ ನೋಡಿಯೇ ನಮ್ಮವರು ಬಿದಿರಿನ ಹಲ್ಲುಜ್ಜುವ ಬ್ರಷ್ ತರಿಸಿದ್ದರು. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಲೋಟದೊಳಗೆ ಮುಳುಗುವ ತುದಿ ಮೊದಲು ಕಪ್ಪಾಯಿತು. ಆಮೇಲೆ ಹಿಡಿಯ ಮೇಲೆ ಬಿಳಿ ಬೂಷ್ಟು. ಒಂದು ಬೆಳಿಗ್ಗೆ ಮಗ ತನ್ನದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಬಂದು "ಇದರಲ್ಲಿ ಅಣಬೆ ಎದ್ದಿದೆ" ಅಂದ. ಅತ್ತೆ ಎಲ್ಲ ಬ್ರಷ್ಷನ್ನೂ ಒಲೆಗೆ ಹಾಕಿದರು. ಅವರ ಪ್ರಕಾರ ಆ ಬ್ರಷ್ಷಿನ ಒಂದೇ ಗುಣ ಅದು, ಚೆನ್ನಾಗಿ ಉರಿಯಿತು. ಬ್ರಷ್ಷಿನ ಎಳೆಗಳು ಮಾತ್ರ ನೈಲಾನ್, ಅವನ್ನು ನಾನು ಮೊದಲೇ ಕಿತ್ತಿದ್ದೆ. ಈಗ ಮತ್ತೆ ಪ್ಲಾಸ್ಟಿಕ್ ಬ್ರಷ್ಷೇ. ಹಳೆಯದಾದರೆ ಹೊಲಿಗೆ ಮಿಷನ್ ಉಜ್ಜಲು, ಕೊನೆಗೆ ಚೀಲಕ್ಕೆ.

ಪಾತ್ರೆ ಉಜ್ಜಲು ತೆಂಗಿನ ನಾರು, ಒಣಗಿದ ತುಪ್ಪದ ಹೀರೆ. ಬೂದಿ ಈಗ ಚೊಕ್ಕ ಇದೆ. ಶಾಂಪೂ ಪ್ಯಾಕೆಟ್ಟು ನಿಂತಿತು, ಅತ್ತೆಗೂ ನನಗೂ ಸೀಗೆಪುಡಿ ಆಗುತ್ತದೆ. ಗಂಡಸರಿಗೆ ಸೋಪು ಸಾಕು.

ಹೆಂಗಸರು ಮಾತಾಡಿಕೊಳ್ಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅಂಗಡಿಯ ಪ್ಯಾಡುಗಳಲ್ಲಿ ಹೆಚ್ಚಿನದ್ದು ಪ್ಲಾಸ್ಟಿಕ್ಕೇ. ಅದನ್ನು ಗಾಡಿಗೆ ಕೊಡಲು ನಾಚಿಕೆ, ತೋಟದಲ್ಲಿ ಹೂತರೆ ನಾಯಿ ಕೆದಕುತ್ತದೆ. ಕೊನೆಗೆ ರಾತ್ರಿ ಹೊತ್ತು ಬಚ್ಚಲ ಒಲೆಗೇ ಹೋಗುತ್ತಿತ್ತು, ಯಾರಿಗೂ ಗೊತ್ತಾಗದ ಹಾಗೆ. ಒಲೆಗೆ ಪ್ಲಾಸ್ಟಿಕ್ ಬೇಡ ಅಂದ ಮೇಲೆ ಇದಕ್ಕೂ ದಾರಿ ಹುಡುಕಬೇಕಾಯಿತು. ಬಟ್ಟೆಯ ಪ್ಯಾಡು ಮಳೆಗಾಲದಲ್ಲಿ ಒಣಗುವುದಿಲ್ಲ, ಬಿಸಿಲು ಕಾಣದ ಬಟ್ಟೆ ಬಳಸುವುದು ಆರೋಗ್ಯಕ್ಕೆ ಒಳ್ಳೆಯದೂ ಅಲ್ಲ. ನಾನು ಸಿಲಿಕೋನಿನ ಮುಟ್ಟಿನ ಕಪ್ಪಿಗೆ ಹೋದೆ. ಮೊದಲ ಸಲ ಗಾಬರಿ, ಎರಡನೇ ಸಲ ಕಿರಿಕಿರಿ, ಆಮೇಲೆ ಮರೆತೇ ಹೋಯಿತು. ಕುದಿಯುವ ನೀರಲ್ಲಿ ಹಾಕಿ ತೆಗೆದರೆ ಆಯಿತು, ಒಂದೇ ಕಪ್ಪು ವರ್ಷಗಟ್ಟಲೆ ಬರುತ್ತದೆ. ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳಲಾರೆ. ನಾದಿನಿಗೆ ಒಗ್ಗಲಿಲ್ಲ. ಅವಳು ಈಗ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಗಾಡಿಗೆ ಕೊಡುತ್ತಾಳೆ. ತೆಗೆದುಕೊಳ್ಳುವವಳೂ ಹೆಂಗಸಾದ್ದರಿಂದ ಸಂಕೋಚ ಅರ್ಧ ಕಡಿಮೆ.

ಅತ್ತೆಯ ಜೊತೆ ಜಟಾಪಟಿ ಆದದ್ದು ತೊಟ್ಟೆಗಳ ವಿಷಯಕ್ಕೇ. ಅವರ ಹಾಸಿಗೆಯ ಅಡಿಯಲ್ಲಿ ನೀಟಾಗಿ ಮಡಚಿಟ್ಟ ತೊಟ್ಟೆಗಳ ದಾಸ್ತಾನು ಇದೆ. ಬಟ್ಟೆ ಅಂಗಡಿಯದ್ದು, ಸ್ವೀಟ್ ಅಂಗಡಿಯದ್ದು, ಮದುವೆ ತಾಂಬೂಲದ್ದು. ಕೆಲವು ನನ್ನ ಮದುವೆ ಕಾಲದ್ದು. ಇದನ್ನೂ ಗಾಡಿಗೆ ಹಾಕೋಣ ಅಂದೆ. "ಮಳೆಗಾಲ ಬಂದ್ರೆ ತಲೆಗೆ ಏನ್ ಕಟ್ಕೊಳ್ಳೋದು? ನೀನು ಗೊರಬೆ ಹೆಣೆದು ಕೊಡ್ತೀಯಾ?" ಅಂತ ಕೇಳಿದರು. ಗೊರಬೆ ಅಂದರೆ ಮಳೆಗೆ ತಲೆ ಮೇಲೆ ಹೊದ್ದುಕೊಳ್ಳಲು ಹೆಣೆಯುತ್ತಿದ್ದದ್ದು. ಉತ್ತರ ಇರಲಿಲ್ಲ. ಯೋಚಿಸಿದರೆ ಅವರೇ ಸರಿ. ಒಂದು ತೊಟ್ಟೆಯನ್ನು ಅವರು ಬಳಸಿದಷ್ಟು ಸಲ ಈ ಮನೆಯಲ್ಲಿ ಯಾರೂ ಬಳಸಿಲ್ಲ. ದಾಸ್ತಾನು ಅಲ್ಲೇ ಇದೆ.

ಮೈದುನನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ನೂರರ ಮೇಲೆ ಜನ. ಈಗೆಲ್ಲ ಕಾರ್ಯಕ್ರಮ ಅಂದರೆ ಎಲೆ ಪಕ್ಕ 200 ಎಂಎಲ್ ನೀರಿನ ಬಾಟಲಿ ಇರಲೇಬೇಕು. ಎರಡು ಗುಟುಕು ಕುಡಿದು ಬಿಟ್ಟು ಹೋಗುತ್ತಾರೆ. ನಾವು ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ ಬಾಡಿಗೆಗೆ ತಂದೆವು, ಜೀರಿಗೆ ಹಾಕಿ ಕುದಿಸಿದ ನೀರನ್ನು ಜಗ್ಗಿನಲ್ಲಿ ಬಡಿಸಿದೆವು. ಲೋಟ ತೊಳೆಯಲು ತೋಟದ ಕೆಲಸಗಾರರ ಲೈನ್ ಮನೆಯ ಇಬ್ಬರಿಗೆ ದಿನಗೂಲಿ ಕೊಟ್ಟೆವು. ಬಾಡಿಗೆ, ಕೂಲಿ ಸೇರಿಸಿದರೆ ಬಾಟಲಿಗಿಂತ ಅಗ್ಗ ಏನೂ ಆಗಲಿಲ್ಲ, ಹೆಚ್ಚು ಕಡಿಮೆ ಅಷ್ಟೇ ಆಯಿತು. ಒಬ್ಬ ದೊಡ್ಡಪ್ಪ "ಬಾಟಲಿ ತರೋಕೂ ದುಡ್ಡಿಲ್ವಾ ನಿಮ್ಗೆ" ಅಂತ ಕೇಳಿಸುವ ಹಾಗೆಯೇ ಹೇಳಿದರು. ಆದರೆ ಜೀರಿಗೆ ನೀರನ್ನು ಮೂರು ಸಲ ಕೇಳಿ ಹಾಕಿಸಿಕೊಂಡರು. ಮರುದಿನ ತೋಟದಂಚಿನಲ್ಲಿ ಬಾಟಲಿ ಹೆಕ್ಕುವ ಕೆಲಸ ಇರಲಿಲ್ಲ. ರಸ್ತೆ ಬದಿಯ ಬೇಲಿಯಲ್ಲಿ ಪ್ರವಾಸಿಗರು ಎಸೆದದ್ದು ಹೇಗೂ ಇದ್ದೇ ಇರುತ್ತದೆ. ಅದರ ಬಗ್ಗೆ ಬರೆಯಲು ಹೊರಟರೆ ಬೇರೆ ಲೇಖನವೇ ಬೇಕು, ಭಾಷೆಯೂ ಸ್ವಲ್ಪ ಬೇರೆ ಆಗುತ್ತದೆ.

ಈಗ ಒಂದು ಚೀಲ ತುಂಬಲು ಮೊದಲಿಗಿಂತ ಎಷ್ಟೋ ಜಾಸ್ತಿ ದಿನ ಹಿಡಿಯುತ್ತದೆ. ಅತ್ತೆಯ ಬಿಪಿ ಮಾತ್ರೆಯ ಹಾಳೆಗಳು ಇದ್ದೇ ಇರುತ್ತವೆ. ಮಗನ ಚಿಪ್ಸ್ ಇರುತ್ತದೆ. ಚಿಪ್ಸ್ ತಿಂದವನೇ ಕವರು ತೊಳೆದು ಒಣಗಿಸಬೇಕು ಅಂತ ಮಾಡಿದ ಮೇಲೆ ಸ್ವಲ್ಪ ಇಳಿದಿದೆ, ನಿಂತಿಲ್ಲ. ಮಳೆಗಾಲಕ್ಕೆ ಸೌದೆ ಮುಚ್ಚುವ ಟಾರ್ಪಾಲು, ಗದ್ದೆಗೆ ಇಳಿಯುವಾಗಿನ ರೈನ್‌ಕೋಟು, ಇದಕ್ಕೆಲ್ಲ ನನ್ನ ಹತ್ತಿರ ಬದಲಿ ಇಲ್ಲ.

ತೋಟದ್ದು ಬಾಕಿ ಇದೆ. ಒಳ್ಳೆಮೆಣಸಿನ ಬಳ್ಳಿ ನರ್ಸರಿಯಿಂದ ಬರುವುದು ಕರಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ. ನೆಡುವಾಗ ಬ್ಲೇಡಿನಲ್ಲಿ ಸೀಳಿ ಅಲ್ಲೇ ಮರದ ಬುಡಕ್ಕೆ ಎಸೆದು ಮುಂದೆ ಹೋಗುತ್ತಾರೆ. ಹಳೇ ತೋಟ ಅಗೆದರೆ ವರ್ಷಗಳ ಹಿಂದಿನ ತೊಟ್ಟೆ ಬೇರು ಸುತ್ತಿಕೊಂಡು ಮೇಲೆ ಬರುತ್ತದೆ. ಈ ಸಲ ನೆಡುವವರ ಸೊಂಟಕ್ಕೆ ಒಂದೊಂದು ಚೀಲ ಕಟ್ಟಿಸಿದ್ದೇನೆ, ಸೀಳಿದ್ದೆಲ್ಲ ಅದಕ್ಕೇ ಹಾಕಬೇಕು. ಮಣ್ಣು ಮೆತ್ತಿದ ತೊಟ್ಟೆಗಳು ಈಗ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ಹೊರಗೆ ಹಾಕಿದರೆ ಮಳೆಯೇ ತೊಳೆಯುತ್ತದೆ, ನಿನಗೇನು ಕಷ್ಟ ಅಂತ ನಮ್ಮವರ ವಾದ. ಒಣಗಿಸುವುದು ಯಾರು ಅಂತ ನಾನು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.